ಕ್ಲೋವಿಸನ ಕೊನೆಯ ಪೀಪಾಯಿ

"ಕೈ ತೆಗಿ ಹೆಂಕ್," ಎಂದಳು ಲೊರೆಟ್ಟಾ.

ಬಿಯರಿನ ಪೀಪಾಯಿಯ ಮುಚ್ಚಳಕ್ಕೆ ಕೈ ಹಾಕಿದ್ದ ಹೆಂಕ್ ಹಾಗೇ ನಿಂತುಬಿಟ್ಟ. ಆರಡಿ ಮೀರಿದ ಆಳು. ಕೆಲಸದಲ್ಲಿದ್ದಾಗ ಕಾಲುವೆಯ ಏರಿಯ ಮೇಲೆ ಓಡಾಡುತ್ತ ಅಮೆರಿಕದ ಯಾಕಿಮಾ ಕಣಿವೆಯ ತೋಟಗಳಿಗೆ ಸರದಿಯ ಪ್ರಕಾರ ನೀರು ಬಿಡುತ್ತಿದ್ದವನು. ನೀರು ಸಾಲದೆಂದು ಗುದ್ದಲಿ ಹಿಡಿದು ಜಗಳಕ್ಕೆ ಬಂದವರನ್ನೂ ಮಾತಿನಲ್ಲೇ ತಣ್ಣಗೆ ಮಾಡಿ ಮನೆಗೆ ಕಳಿಸಿದವನು. ತನ್ನ ಹೆಗಲಿಗೂ ಬಾರದ ಈ ಹೆಂಗಸಿನ ಮುಂದೆ ಮಾತ್ರ ಅವನ ಆಟ ಯಾವತ್ತೂ ನಡೆದಿರಲಿಲ್ಲ. ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡ.

"ತೆಗ್ದೆ ಕಣಮ್ಮ. ಆದ್ರೆ ನಾನು ಹೇಳೋದನ್ನ ಒಂದ್ಸಲ ಕೇಳು."

"ಹೋದ ವಾರಾನೂ ಕೇಳಿದೀನಿ."

"ಹೋದ ವಾರ ಇನ್ನೂ ಟೈಮಿತ್ತು. ಒಳಗಡೆ ಹಾಪ್ಸ್ ಹೂವಿನ ಚೀಲ ನೆನೀತಾನೇ ಕೂತಿದೆ. ಕ್ಲೋವಿಸ್ ಇದ್ದಿದ್ರೆ ಯಾವತ್ತೋ ಎತ್ತಿ ಬಿಸಾಕ್ತಿದ್ದ. ಟೀ ಸೊಪ್ಪನ್ನ ನೀರಲ್ಲೇ ಮರೆತುಬಿಟ್ರೆ ಏನಾಗುತ್ತೆ? ಇದೂ ಅಷ್ಟೇ. ಮೊದಲು ಘಮ ಬಿಡುತ್ತೆ, ಆಮೇಲೆ ಹುಲ್ಲಿನ ವಾಸನೆ ಬಿಡೋಕೆ ಶುರು."

ಲೊರೆಟ್ಟಾ ಹೊರಗೆ ನೋಡಿದಳು. ಗ್ಯಾರೇಜಿನ ಬಾಗಿಲು ಅರ್ಧ ಮೇಲೆದ್ದಿತ್ತು. ಹೊರಗೆ ರಸ್ತೆಯಾಚೆ, ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಹಾಪ್ಸ್ ಹೂವಿನ, ಕೊಯ್ಲು ಮುಗಿದ ತೋಟ. ಬಳ್ಳಿಗಳನ್ನೆಲ್ಲ ಕತ್ತರಿಸಿ ಸಾಗಿಸಿಯಾಗಿತ್ತು, ಎತ್ತರದ ಕಂಬಗಳೂ ತಂತಿಗಳೂ ಮಾತ್ರ ಉಳಿದಿದ್ದವು. ಅಕ್ಟೋಬರಿನ ಗಾಳಿ ಆ ತಂತಿಗಳಲ್ಲಿ ಸಿಕ್ಕಿಕೊಂಡು ಸಣ್ಣಗೆ ಶಬ್ದ ಮಾಡುತ್ತಿತ್ತು.

ಲೊರೆಟ್ಟಾಳ ಗಂಡ, ಹೆಂಕನ ಹಳೆಯ ಗೆಳೆಯ ಕ್ಲೋವಿಸ್ ಬೋದ್ರಿ ಸತ್ತು ಎರಡು ವಾರವಾಗುತ್ತ ಬಂದಿತ್ತು. ಹಾರ್ಡ್‌ವೇರ್ ಅಂಗಡಿಯ ಮುಂದೆ ತನ್ನ ಪಿಕಪ್ ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟಿಯರಿಂಗಿಗೆ ಹಣೆಯಾನಿಸಿ ಹೋಗಿಬಿಟ್ಟಿದ್ದ. ಎಲ್ಲೆಂದರಲ್ಲಿ ಗಾಡಿ ನಿಲ್ಲಿಸಿ ತೂಕಡಿಸುವುದು ಅವನ ಹಳೆಯ ಚಾಳಿ. ಹಾಗಾಗಿ ಊರಿನವರೊಬ್ಬರು ಪಕ್ಕದಲ್ಲಿ ಹಾದುಹೋಗುವಾಗ ತಮಾಷೆಗೆಂದು ಜೋರಾಗಿ ಹಾರ್ನ್ ಹೊಡೆದಿದ್ದರಂತೆ. ಆಮೇಲೆ ಅವರು ಲೊರೆಟ್ಟಾಳ ಕೈ ಹಿಡಿದುಕೊಂಡು, ತಾವೇ ಅವನನ್ನು ಕೊಂದ ಹಾಗೆ ಅತ್ತಿದ್ದರು. ಅವರನ್ನು ಅವಳೇ ಸಮಾಧಾನ ಮಾಡಬೇಕಾಯಿತು.

ಮಣ್ಣು ಮಾಡಿ ಬಂದ ದಿನ ಚರ್ಚಿನ ಮೆಟ್ಟಿಲ ಮೇಲೆ ನಿಂತು ಅವಳು ಎಲ್ಲರಿಗೂ ಕೇಳುವಂತೆ ಹೇಳಿದ್ದಳು: "ಅವನ ತಿಂಗಳ ಪೂಜೆ ಆದ್ಮೇಲೆ ಎಲ್ರೂ ಮನೆಗೆ ಬನ್ನಿ. ಅವನು ಮಾಡಿಟ್ಟ ಬಿಯರ್ ಇದೆ. ಅದನ್ನ ಕುಡಿದು ಹೋಗಿ." ಹೇಳುವಾಗ ಅಳುಕಿರಲಿಲ್ಲ. ಹೇಳಿದ ಮೇಲೆ, ಊರೆಲ್ಲ ಬಂದು ಕುಡಿಯುವ ಆ ಕೊನೆಯ ಬಿಯರು ಕೆಟ್ಟಿದ್ದರೆ ಎಂಬ ಹೆದರಿಕೆ ಹಿಡಿಯಿತು. ಬೇರೆ ಯಾವುದರಲ್ಲೂ ಹೆಸರು ಮಾಡದ ಮನುಷ್ಯ ಅವನು. ಇದೊಂದರಲ್ಲಿ ಮಾಡಿದ್ದ.

ಹಾಗಿದ್ದೂ ಮುಚ್ಚಳ ತೆರೆಯಲು ಅವಳು ಬಿಡಲಿಲ್ಲ. ಕಾರಣ ಹೆಂಕನಿಗೆ ಹೇಳುವಂಥದ್ದಾಗಿರಲಿಲ್ಲ. ಕ್ಲೋವಿಸ್ ಬಿಯರನ್ನು ಪೀಪಾಯಿಗೆ ಇಳಿಸಿ, ಕುದಿಸಿದ ಸಕ್ಕರೆ ನೀರು ಬೆರೆಸಿ, ಹೂವಿನ ಚೀಲ ಇಳಿಬಿಟ್ಟು ಮುಚ್ಚುತ್ತಿದ್ದ. ತಳದಲ್ಲಿ ಇನ್ನೂ ಬದುಕಿರುವ ಯೀಸ್ಟು ಆ ಸಕ್ಕರೆ ತಿಂದು ಗ್ಯಾಸು ಬಿಡುತ್ತದೆ. ಹೊರಗೆ ಹೋಗಲು ದಾರಿಯಿಲ್ಲದ ಗ್ಯಾಸು ಬಿಯರಿನಲ್ಲೇ ಕರಗಿ ಕೂರುತ್ತದೆ. ಬೇರೆಯವರ ಹಾಗೆ ಅಂಗಡಿಯ ಸಿಲಿಂಡರಿನಿಂದ ಗ್ಯಾಸು ತುಂಬುವುದು ಅವನಿಗೆ ಆಗಿಬರುತ್ತಿರಲಿಲ್ಲ. ಹಾಗೆ ಮಾಡುವವರನ್ನು "ಸೈಕಲ್ಲಿಗೆ ಗಾಳಿ ಹೊಡೆಯೋ ಗಿರಾಕಿಗಳು" ಎನ್ನುತ್ತಿದ್ದ. ಅವನು ಶುರುಮಾಡಿದ ಕೆಲಸಗಳಲ್ಲಿ ಅವನು ಸತ್ತ ಮೇಲೂ ನಡೆಯುತ್ತಿದ್ದುದು ಆ ಪೀಪಾಯಿಯೊಳಗಿನದೊಂದೇ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಗ್ಯಾರೇಜಿಗೆ ಬಂದು ಅದರ ಉಕ್ಕಿನ ಮೈಗೆ ಅಂಗೈ ಒತ್ತಿ ನಿಲ್ಲುತ್ತಿದ್ದಳು. ಮುಚ್ಚಳ ತೆಗೆದರೆ ಅದೂ ಮುಗಿಯುತ್ತದೆ.

"ಗ್ಯಾಸ್ ಹೋದ್ರೆ ಹೋಗ್ಲಿ, ಮತ್ತೆ ಬರ್ಸಬಹುದು," ಎಂದ ಹೆಂಕ್, ಅವಳ ಮನಸ್ಸು ಓದಿದವನಂತೆ. "ಹುಲ್ಲಿನ ವಾಸನೆ ಕೂತ್ಕೊಂಡ್ರೆ ದೇವ್ರು ಬಂದ್ರೂ ತೆಗೆಯೋಕಾಗಲ್ಲ. ಆವತ್ತು ಬಂದೋರಿಗೆಲ್ಲ ಏನು ಕುಡಿಸ್ತೀಯ, ಹೇಳು? ಕ್ಲೋವಿಸ್ ಕೊನೇಗೆ ದನದ ಮೇವು ಕುಡಿಸಿ ಹೋದ ಅಂತ ಅನ್ನಿಸ್ಬೇಕಾ?"

ಲೊರೆಟ್ಟಾ ಪೀಪಾಯಿಯ ಪಕ್ಕದಿಂದ ಒಂದು ಹೆಜ್ಜೆ ಸರಿದಳು. ಆಮೇಲೆ, "ನಿಧಾನಕ್ಕೆ ತೆಗಿ. ಒಂದೇ ಸಲಕ್ಕೆ ಬಿಡಬೇಡ," ಎಂದಳು.

ಮುಚ್ಚಳದ ನಡುವೆ ಕೀ ಗೊಂಚಲಿನ ಬಳೆಯಷ್ಟು ದಪ್ಪದ ಒಂದು ಉಂಗುರ. ಅದನ್ನೆಳೆದರೆ ಒಳಗಿನ ಗ್ಯಾಸು ಬುಸ್ಸೆಂದು ಹೊರಬರಬೇಕು. ಕ್ಲೋವಿಸ್ ಎಳೆದಾಗಲೆಲ್ಲ ಬೆಕ್ಕು ಹೆದರಿ ಓಡುತ್ತಿತ್ತು, ಅವನು ಮಾತ್ರ ಕಣ್ಣು ಮುಚ್ಚಿ ಮೂಗು ಮುಂದೆ ಮಾಡಿ ನಿಲ್ಲುತ್ತಿದ್ದ. ಹೆಂಕ್ ಉಂಗುರಕ್ಕೆ ಬೆರಳು ಹಾಕಿ ಮೆಲ್ಲಗೆ ಎಳೆದ.

ಏನೂ ಕೇಳಿಸಲಿಲ್ಲ.

ಇನ್ನೊಮ್ಮೆ ಎಳೆದ. ಬಗ್ಗಿ ಕಿವಿಯಿಟ್ಟ. ಮುಚ್ಚಳವನ್ನು ಬಿಗಿ ಮಾಡುವ ಸನ್ನೆಯನ್ನು, ಎರಡು ಕಾಲಿನ ಆ ಕಬ್ಬಿಣದ ಹಿಡಿಯನ್ನು, ಮೇಲೆತ್ತಿದ. ಗ್ಯಾಸು ತುಂಬಿದ್ದರೆ ಗಂಡಸಿನ ಶಕ್ತಿಗೂ ಜಗ್ಗದ ಮುಚ್ಚಳ ಸಾರಿನ ಪಾತ್ರೆಯ ತಟ್ಟೆಯ ಹಾಗೆ ಅಲ್ಲಾಡಿತು.

"ಇದೇನಿದು," ಎಂದು ಹೆಂಕ್ ಗೊಣಗಿದ. "ಯೀಸ್ಟ್ ಸತ್ತುಹೋಗಿರ್ಬೇಕು. ಇಲ್ಲಾ ಸಕ್ಕರೆ ಹಾಕೋದೇ ಮರೆತಿದ್ದಾನೆ. ವಯಸ್ಸಾಗಿತ್ತಲ್ಲ, ನಾನೂ ಹೋದ ತಿಂಗಳು ಒಂದ್ಸಲ..."

"ಮರೆತಿಲ್ಲ. ಸಕ್ಕರೆ ಕುದಿಸಿದ ಪಾತ್ರೆ ನಾನೇ ತೊಳೆದೆ."

"ಹಾಗಾದ್ರೆ ಯೀಸ್ಟೇ."

"ಯೀಸ್ಟೂ ಸತ್ತಿಲ್ಲ." ಲೊರೆಟ್ಟಾ ಅಲ್ಲೇ ಇದ್ದ ಸೇಬಿನ ಖಾಲಿ ಪೆಟ್ಟಿಗೆಯ ಮೇಲೆ ಕೂತಳು. "ಅವನು ಕರೆದ. ನಾನು ಹೋಗ್ಲಿಲ್ಲ."

ಸೋಡಾ ಕಂಪನಿಯವರು ಬಿಸಾಡಿದ ಹಳೆಯ ಪೀಪಾಯಿಗಳವು. ಅವುಗಳ ಮುಚ್ಚಳ ಮೇಲಿನಿಂದ ಕೂರುವುದಿಲ್ಲ. ಮೊಟ್ಟೆಯಾಕಾರದ ಆ ತಟ್ಟೆಯನ್ನು ಓರೆ ಮಾಡಿ ಒಳಕ್ಕೆ ಇಳಿಸಿ, ಕೆಳಗಿನಿಂದ ಬಾಯಿಗೆ ಒತ್ತುವಂತೆ ಮೇಲಕ್ಕೆಳೆದು ಸನ್ನೆ ಹಾಕಬೇಕು. ಒಳಗೆ ಗ್ಯಾಸು ತುಂಬಿತೆಂದರೆ ಅದೇ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ತುಂಬುವವರೆಗಿನದೇ ಕಷ್ಟ. ಯೀಸ್ಟು ಬಿಡುವ ಗ್ಯಾಸು ಸ್ವಲ್ಪ ಸ್ವಲ್ಪವೇ ಬರುವಂಥದ್ದು, ಮುದಿ ರಬ್ಬರಿನ ಸಂದಿಯಲ್ಲಿ ಬಂದಷ್ಟೂ ಸೋರಿಹೋಗುತ್ತದೆ. ಎಲ್ಲರೂ ಮೊದಲಿಗೆ ಸಿಲಿಂಡರಿನಿಂದ ಒಂದು ಸಲ ಗ್ಯಾಸು ನುಗ್ಗಿಸಿ ಮುಚ್ಚಳ ಕೂರಿಸಿಬಿಡುತ್ತಾರೆ. ಕ್ಲೋವಿಸನಿಗೆ ಅಷ್ಟು ಕೂಡ ಕೂಡದು. ಅವನು ಪೀಪಾಯಿಯನ್ನು ಮಂಡಿಗಳ ನಡುವೆ ಇರುಕಿಸಿಕೊಂಡು, ಎರಡೂ ಕೈಯಿಂದ ಮುಚ್ಚಳವನ್ನು ಮೇಲಕ್ಕೆ ಜಗ್ಗಿ ಹಿಡಿಯುತ್ತಿದ್ದ. ಆಗ ಲೊರೆಟ್ಟಾ ಸನ್ನೆಯ ಎರಡು ಕಾಲುಗಳ ಕೆಳಗೆ ಅವನ ಹಳೆಯ ಬೆಲ್ಟಿನಿಂದ ಕತ್ತರಿಸಿದ ಎರಡು ತೊಗಲಿನ ತುಂಡು ತೂರಿಸಿ ಸನ್ನೆ ಒತ್ತುತ್ತಿದ್ದಳು. ಇಬ್ಬರಿಲ್ಲದೆ ಆಗದ ಕೆಲಸ. "ಮೂರನೇ ಕೈ ಎಲ್ಲೋಯ್ತು?" ಎಂದು ಅವನು ಗ್ಯಾರೇಜಿನಿಂದ ಕೂಗಿದರೆ, ಹಿಟ್ಟಿನ ಕೈಯಲ್ಲೋ ಸೋಪಿನ ಕೈಯಲ್ಲೋ ಬೈದುಕೊಂಡೇ ಬರುತ್ತಿದ್ದಳು.

ಆ ಸಲವೂ ಕೂಗಿದ್ದ. ಅವರಿಬ್ಬರಿಗೆ ಮಾತು ನಿಂತಿದ್ದ ಹೊತ್ತು. ಬೇಸಿಗೆಯಿಂದ ಅವನು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದುದನ್ನು ನೋಡಿ ಅವಳು ಯಾಕಿಮಾದ ಹೃದಯದ ಡಾಕ್ಟರ ಹತ್ತಿರ ಹೇಳಿ ಕೇಳಿ ಒಂದು ಸಮಯ ಹಿಡಿದಿದ್ದಳು. ಆ ದಿನ ಅವನು ಗಾಳ ತೆಗೆದುಕೊಂಡು ನದಿಗೆ ಹೋಗಿ ಸಂಜೆ ಎರಡು ಮೀನು ಹಿಡಿದುಕೊಂಡು ಬಂದ. ಅವಳು ಆ ಮೀನನ್ನು ಕೊಯ್ಯಲೂ ಇಲ್ಲ, ಅವನ ಜೊತೆ ಮಾತಾಡಲೂ ಇಲ್ಲ. ಮರುದಿನ ಗ್ಯಾರೇಜಿನಿಂದ ಕೂಗು ಬಂದಾಗ ಅಡುಗೆಮನೆಯ ರೇಡಿಯೋದ ದನಿ ಏರಿಸಿದಳು. ಅವನು ಎರಡು ಸಲ ಕರೆದ, ಮತ್ತೆ ಕರೆಯಲಿಲ್ಲ. ಊಟಕ್ಕೆ ಬಂದು ಕೈ ತೊಳೆದು, "ಆಯ್ತು, ಮುಚ್ಚಿದೆ," ಎಂದಷ್ಟೇ ಹೇಳಿ ಸೂಪು ಕುಡಿದ. ಆ ವಾರ ಮುಗಿಯುವುದರೊಳಗೆ ಅವನಿರಲಿಲ್ಲ.

ಈಗ ಗೋಡೆಯ ಮೊಳೆಗೆ ನೇತುಹಾಕಿದ್ದ ತೊಗಲಿನ ತುಂಡುಗಳ ಕಡೆ ಅವಳು ಕೈ ತೋರಿಸಿದಳು. ಅವು ಅಲುಗದೆ ಅಲ್ಲೇ ಇದ್ದವು.

ಹೆಂಕ್ ಅದನ್ನು ನೋಡಿದ, ಅವಳನ್ನು ನೋಡಿದ. "ನೋಡು ಲೊರೆಟ್ಟಾ, ನೀನು ಹೋಗಿದ್ರೂ ಅವನ ಆಯಸ್ಸು..."

"ಆಯಸ್ಸಿನ ಮಾತು ಯಾರು ಎತ್ತಿದ್ರು? ನಾನು ಮುಚ್ಚಳದ ಮಾತಾಡ್ತಿದ್ದೀನಿ."

ಇಷ್ಟು ದಿನ ಅವಳು ಬೆಳಿಗ್ಗೆ ಬೆಳಿಗ್ಗೆ ಅಂಗೈ ಒತ್ತಿ ನಿಂತಿದ್ದು ಏನೂ ಹಿಡಿದುಕೊಳ್ಳದ ಪಾತ್ರೆಗೆ. ಅವನು ಸಾಯುವಾಗಲೂ ಅದು ಸೋರುತ್ತಿತ್ತು, ಅವನನ್ನು ಮಣ್ಣು ಮಾಡುವಾಗಲೂ ಸೋರುತ್ತಿತ್ತು, ಅವಳು ಮೆಟ್ಟಿಲ ಮೇಲೆ ನಿಂತು ಊರಿಗೆಲ್ಲ ಕರೆ ಕೊಡುವಾಗಲೂ ಸೋರುತ್ತಿತ್ತು. ಅದನ್ನು ಯೋಚಿಸಿದರೆ ಅವಳಿಗೆ ನಾಚಿಕೆಯಾಗುತ್ತಿತ್ತು.

ಹೆಂಕ್ ಮೆಲ್ಲಗೆ ಹೇಳಿದ: "ನನ್ನ ಗಾಡೀಲಿ ಸಿಲಿಂಡರ್ ಇದೆ. ಒಂದು ರಾತ್ರಿ ಜೋಡಿಸಿಟ್ರೆ ಸಾಕು, ನೊರೆ ಉಕ್ಕುತ್ತೆ. ಯಾರಿಗೂ ಗೊತ್ತಾಗಲ್ಲ. ನಾನಂತೂ ಬಾಯಿ ಬಿಡಲ್ಲ."

"ಸತ್ತ ಮೇಲೆ ಅವನಿಗೂ ಗಾಳಿ ಹೊಡೀತೀಯೇನೋ?"

ಅಂದವಳಿಗೇ ನಗು ಬಂತು. ಹೆಂಕನೂ ನಕ್ಕ. ನಗುತ್ತ ನಗುತ್ತ ಅವಳು ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಮತ್ತೆ ಸಕ್ಕರೆ ಹಾಕೋಣ," ಎಂದಳು. "ಯೀಸ್ಟ್ ಇನ್ನೂ ಇದೆ ತಾನೆ ಒಳಗೆ?"

"ಇರುತ್ತೆ. ಹಸಿದು ಕೂತಿರುತ್ತೆ."

"ತಿಂಗಳ ಪೂಜೆಗೆ ಆಗುತ್ತಾ?"

"ಬೆಚ್ಚಗಿಟ್ರೆ ಆಗಬಹುದು. ಆಗದೇನೂ ಇರಬಹುದು. ಸಿಲಿಂಡರ್ ಆದ್ರೆ ಖಾತ್ರಿ, ಇದಕ್ಕೆ ಖಾತ್ರಿ ಕೊಡಲ್ಲ ನಾನು."

"ಬೇಡ. ನೀನು ಆ ಚೀಲಾನ ಮೊದಲು ಎತ್ತು."

ಹೆಂಕ್ ಚೀಲಕ್ಕೆ ಕಟ್ಟಿದ್ದ ಮೀನಿನ ಗಾಳದ ದಾರ ಹಿಡಿದು ಅದನ್ನು ಮೇಲೆಳೆದ. ಕ್ಲೋವಿಸ್ ಹಿತ್ತಲ ಬೇಲಿಯ ಬಳ್ಳಿಯಿಂದ ಕೊಯ್ದಿದ್ದ ಹೂಗಳು ಊದಿಕೊಂಡು ಕಡುಹಸಿರಾಗಿದ್ದವು; ತೇಲದಿರಲೆಂದು ಒಳಗೆ ಹಾಕಿದ್ದ ಗಾಜಿನ ಗೋಲಿಗಳು ಚೀಲದ ತಳದಲ್ಲಿ ಕಿಣಿಕಿಣಿ ಎಂದವು. ಗ್ಯಾರೇಜಿಗೆಲ್ಲ ಕಿತ್ತಳೆ ಸಿಪ್ಪೆಯ, ದೇವದಾರು ಅಂಟಿನ ಘಮ ಹರಡಿತು. ಅದರ ಬೆನ್ನಿಗೇ ಮಳೆಯಲ್ಲಿ ನೆಂದ ಹುಲ್ಲುಬಣವೆಯ ವಾಸನೆಯೂ ಬಂತು. ಇಬ್ಬರೂ ಒಂದೊಂದು ಗುಟುಕು ಕುಡಿದು ನೋಡಿದರು. ತಣ್ಣಗಾದ ಕಷಾಯದ ಹಾಗೆ ಸಪ್ಪೆ, ನಾಲಿಗೆಯ ಮೇಲೆ ಏನೂ ಚುರುಗುಟ್ಟಲಿಲ್ಲ.

"ಹುಲ್ಲು ಶುರುವಾಗಿದೆ," ಎಂದ ಹೆಂಕ್. "ತೀರಾ ಏನಿಲ್ಲ."

ಲೊರೆಟ್ಟಾ ಅಡುಗೆಮನೆಯಲ್ಲಿ ಸಕ್ಕರೆ ನೀರು ಕುದಿಯಲಿಟ್ಟಳು. ಹಿಂದೆಯೇ ಬಂದ ಹೆಂಕ್ ಡಬ್ಬದಿಂದ ಬಟ್ಟಲು ತುಂಬ ತೆಗೆದಾಗ ಅವನ ಮಣಿಕಟ್ಟು ಹಿಡಿದಳು.

"ಅದು ಬಾಟ್ಲಿ ಲೆಕ್ಕ. ಪೀಪಾಯಿಗೆ ಅದರಲ್ಲಿ ಅರ್ಧ ಸಾಕು."

"ಯಾರು ಹೇಳಿದ್ದು ನಿಂಗೆ?"

"ಇಷ್ಟು ವರ್ಷ ಇಲ್ಲಿ ನಿಂತು ಕಿವಿಗೆ ಹತ್ತಿ ಇಟ್ಕೊಂಡಿದ್ನಾ ನಾನು?"

ಆದರೆ ಕುದಿಯುವಾಗ ಹೆಂಕ್ ಆಚೆ ತಿರುಗಿದ ಗಳಿಗೆ ನೋಡಿ ಅವಳೇ ಇನ್ನೊಂದು ದೊಡ್ಡ ಚಮಚ ಸಕ್ಕರೆ ಸುರಿದಳು. ಈ ಸಲವೂ ಸಪ್ಪೆಯಾದರೆ ತಾಳಿಕೊಳ್ಳುವ ಶಕ್ತಿ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ನೀರು ಆರಿದ ಮೇಲೆ ಪೀಪಾಯಿಗೆ ಹೊಯ್ದು, ಹೆಂಕ್ ಮಂಡಿಗಳ ನಡುವೆ ಅದನ್ನು ಹಿಡಿದು ಮುಚ್ಚಳ ಜಗ್ಗಿದ. ಅವಳು ತೊಗಲಿನ ತುಂಡುಗಳನ್ನು ತೂರಿಸಿ ಎರಡೂ ಅಂಗೈಯಿಂದ ಸನ್ನೆಯನ್ನು ಒತ್ತಿದಳು. ಅದು ಟಕ್ಕೆಂದು ಕೂತಿತು. ಬೇರೆ ಗಂಡಸಿನ ಜೊತೆ ಆ ಕೆಲಸ ಮಾಡಿದ್ದು ಅದೇ ಮೊದಲು. ಯಾಕೋ ಅವಳಿಗೆ ಅವನ ಮುಖ ನೋಡಲಾಗಲಿಲ್ಲ.

ಗ್ಯಾರೇಜು ರಾತ್ರಿ ಹೊತ್ತು ಕೊರೆಯುತ್ತಿದ್ದುದರಿಂದ ಪೀಪಾಯಿ ಅಡುಗೆಮನೆಗೆ ಬಂತು. ಒಲೆಯ ಪಕ್ಕದಲ್ಲಿ, ಹಳೆಯ ಕೌದಿ ಸುತ್ತಿಕೊಂಡು, ಮನೆಗೆ ಬಂದ ಕಾಯಿಲೆಯ ನೆಂಟನ ಹಾಗೆ ಅದು ಕೂತಿತು. ಭಾನುವಾರ ಪೂಜೆ ಮುಗಿಸಿ ಬಂದ ಸಿಮೋನ್ ಅದನ್ನು ಕಂಡು ಬಾಗಿಲಲ್ಲೇ ನಿಂತಳು. ಸಿಮೋನ್ ಕ್ಲೋವಿಸನ ಅಕ್ಕ, ಚರ್ಚಿನ ಹೂದಾನಿಗಳಿಂದ ಹಿಡಿದು ಪಾದ್ರಿಗಳ ಊಟದವರೆಗೆ ಎಲ್ಲಕ್ಕೂ ಅವಳದೇ ಯಜಮಾನಿಕೆ.

"ಏನೇ ಇದು? ಗಂಡ ಸತ್ತು ತಿಂಗಳಾಗಿಲ್ಲ, ಅಡುಗೆಮನೇಲಿ ಹೆಂಡದ ಪೀಪಾಯಿ! ಫಾದರ್ ಬಂದ್ರೆ ಏನಂದ್ಕೋತಾರೆ?"

"ಒಂದು ಲೋಟ ಕೊಡಮ್ಮ ಅಂತಾರೆ."

ಸಿಮೋನ್ ಉಸ್ಸೆಂದು ಕೂತು ಗ್ಲೌಸು ಬಿಚ್ಚಿದಳು. ಕಾಫಿ ಅರ್ಧವಾಗುವವರೆಗೆ ತಿಂಗಳ ಪೂಜೆಗೆ ಯಾವ ಹಾಡು, ಎಷ್ಟು ಜನಕ್ಕೆ ಊಟ ಎಂಬ ಮಾತೇ ಆಯಿತು. ಆಮೇಲೆ ಅವಳು ಚಮಚ ತಿರುಗಿಸುತ್ತ ಕೇಳಿದಳು: "ಡಾಕ್ಟ್ರ ಹತ್ರ ಹೋಗಿದ್ನಾ ಅವನು? ನಿಜ ಹೇಳು. ಎಲ್ರೂ ಕೇಳ್ತಾರೆ, ನಂಗೆ ಏನು ಹೇಳ್ಬೇಕೋ ಗೊತ್ತಾಗಲ್ಲ."

"ಹೋಗ್ಲಿಲ್ಲ. ಮೀನು ಹಿಡಿಯೋಕೆ ಹೋದ. ಅದಕ್ಕೇ ಜಗಳ ಆಗಿತ್ತು. ಅವನು ಹೋಗೋವಾಗ ನಾವು ಮಾತಾಡ್ತಿರಲಿಲ್ಲ."

ಇಂಥ ಮಾತಿಗೆ ಸಿಮೋನ್ ದೇವರ ಇಚ್ಛೆಯ ವಿಷಯ ಎತ್ತುತ್ತಾಳೆಂದು ಲೊರೆಟ್ಟಾ ಕಾದಳು. ಸಿಮೋನ್ ಎತ್ತಲಿಲ್ಲ. "ನಮ್ಮಮ್ಮನ ಮಾತೇ ಕೇಳಿದೋನಲ್ಲ ಅವನು," ಎಂದಳು. ಎದ್ದು ಹೋಗುವಾಗ ಕೌದಿ ಒಂದು ಕಡೆ ಜಾರಿದ್ದನ್ನು ಕಂಡು, ಬಗ್ಗಿ ಸರಿಯಾಗಿ ಹೊದಿಸಿ, ಆಮೇಲೆ ಅಲ್ಲೇ ತಲೆ ತಗ್ಗಿಸಿಕೊಂಡು ಅತ್ತಳು.

ಲೊರೆಟ್ಟಾ ಪೀಪಾಯಿಯನ್ನು ಮುಟ್ಟಿ ನೋಡುವುದನ್ನು ಬಿಟ್ಟಿದ್ದಳು. ಮುಟ್ಟಿದರೆ ಏನೂ ತಿಳಿಯುವುದಿಲ್ಲವೆಂದು ಈಗ ಗೊತ್ತಾಗಿತ್ತು. ದಿನಗಳು ಹೋದಂತೆ ಉಂಗುರ ಎಳೆದು ನೋಡುವ ಆಸೆ ಹೆಚ್ಚುತ್ತಿತ್ತು, ಎಳೆದರೆ ಇದ್ದದ್ದೂ ಹೋದೀತೆಂಬ ಹೆದರಿಕೆಯೂ. ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದವಳು ತಡೆಯಲಾಗದೆ ಒದ್ದೆ ಕೈಯಲ್ಲೇ ಬಂದು ಕೌದಿ ಸರಿಸಿ ಉಂಗುರಕ್ಕೆ ಬೆರಳು ಹಾಕಿದಳು. ಕೂದಲೆಳೆಯಷ್ಟು ಎಳೆದಿದ್ದಳೋ ಇಲ್ಲವೋ, ಸುಯ್ಯೆಂದು ಹೊರಟ ಗ್ಯಾಸಿಗೆ ಬೆಚ್ಚಿ ಕೈ ಬಿಟ್ಟಳು. ಅಡುಗೆಮನೆಗೆಲ್ಲ ಆ ಘಮ ಹಬ್ಬಿತು. ಲೊರೆಟ್ಟಾ ನೆಲದ ಮೇಲೆ ಕೂತು ದನಿ ತೆಗೆದು ಅತ್ತಳು. ಅವನು ಸತ್ತಂದಿನಿಂದ ಹಾಗೆ ಅತ್ತಿರಲಿಲ್ಲ. ಅತ್ತು ಮುಗಿದ ಮೇಲೆ ಹೆಂಕನಿಗೆ ಫೋನು ಮಾಡಿ, "ಹಿಡಿದಿದೆ," ಎಂದಷ್ಟೇ ಹೇಳಿ ಇಟ್ಟಳು.

ತಿಂಗಳ ಪೂಜೆಯ ದಿನ ಗ್ಯಾರೇಜಿನಲ್ಲಿ ಹೆಜ್ಜೆಯಿಡಲು ಜಾಗವಿರಲಿಲ್ಲ. ಉದ್ದನೆಯ ಮೇಜಿನ ಮೇಲೆ ಸಿಮೋನಳ ಹಂದಿಮಾಂಸದ ಕಡುಬು, ನೆರೆಯವರ ಆಲೂಗಡ್ಡೆಯ ಅಡುಗೆ, ಎಲಾದಿಯೋನ ಹೆಂಡತಿ ತಂದ, ಜೋಳದ ಹಿಟ್ಟಿನಲ್ಲಿ ಬೇಯಿಸಿದ ಒಂದು ಪಾತ್ರೆ ತಮಾಲೆ. ಎಲಾದಿಯೋ ದೊಡ್ಡ ತೋಟವೊಂದರಲ್ಲಿ ಹಾಪ್ಸ್ ಒಣಗಿಸುವ ಗೂಡಿನ ಮೇಸ್ತ್ರಿ, ಕ್ಲೋವಿಸ್ ಕೆಲಸದಿಂದ ಇಳಿದಾಗ ಆ ಜಾಗಕ್ಕೆ ಬಂದವನು. ಪೂಜೆಗೆ ಹಾಕಿದ ಕೋಟಿನಲ್ಲಿ ಇಕ್ಕಟ್ಟಾಗಿ ನಿಂತಿದ್ದ.

ಕಣಿವೆಯಲ್ಲಿ ಮನೆಯಲ್ಲೇ ಬಿಯರು ಮಾಡುವವರದೊಂದು ಕೂಟ, ಕ್ಲೋವಿಸನೂ ಹೆಂಕನೂ ಅದರಲ್ಲಿದ್ದವರು; ಅಲ್ಲಿ ಒಂದು ಪದ್ಧತಿಯಿದೆ. ಹೊಸ ಪೀಪಾಯಿಯ ಮೊದಲ ಲೋಟಕ್ಕೆ ಹೊಗಳಿಕೆ ಇಲ್ಲ. ಕುಡಿದವರೆಲ್ಲ ತಪ್ಪು ಹೇಳಬೇಕು, ಮಾಡಿದವನು ಪೀಪಾಯಿಯ ಪಕ್ಕ ನಿಂತು ಬಾಯಿ ಬಿಡದೆ ಕೇಳಬೇಕು. ಎಲ್ಲರದೂ ಮುಗಿದ ಮೇಲೆ ಅವನು ಎರಡನೇ ಲೋಟ ತುಂಬುತ್ತಾನೆ. ಆಮೇಲೆ ಯಾರು ಏನು ಬೇಕಾದರೂ ಅಂದುಕೊಳ್ಳಬಹುದು. ಮೊದಲ ಲೋಟಕ್ಕೇ ಹೊಗಳಿದರೆ, ಇವನಿಗೆ ಟೀಕೆ ತಾಳಿಕೊಳ್ಳುವ ಶಕ್ತಿಯಿಲ್ಲ ಎಂದು ಹಂಗಿಸಿದ ಹಾಗೆ.

ಲೊರೆಟ್ಟಾ ನಲ್ಲಿ ಒತ್ತಿದಳು. ಬಿಯರು ಜೇನಿನ ಬಣ್ಣದಲ್ಲಿ ಬಂತು, ಮೇಲೆ ಬೆಳ್ಳಗೆ ನೊರೆ ಎದ್ದಿತು. ಲೋಟಗಳು ಕೈಯಿಂದ ಕೈಗೆ ಹೋದವು. ಎಲ್ಲರೂ ಕುಡಿದರು.

"ಚೆನ್ನಾಗಿದೆ," ಎಂದರು ಒಬ್ಬರು.

"ಬಹಳ ಚೆನ್ನಾಗಿದೆ. ಅವನ ಕೈಯೇ ಕೈ."

"ಇದಕ್ಕಿಂತ ಒಳ್ಳೇದು ಅವನು ಮಾಡಿರಲೇ ಇಲ್ಲ," ಎಂದ ಹೆಂಕ್, ಲೋಟದೊಳಗೆ ನೋಡುತ್ತ.

ಲೊರೆಟ್ಟಾಳ ಮುಖ ಕೆಂಪಾಯಿತು. "ಸುಳ್ಳು," ಎಂದಳು. ಮೇಜಿನ ಹತ್ತಿರದ ಮಾತೂ ನಿಂತಿತು. "ಸತ್ತಿದ್ದಾನೆ ಅಂತ ಸುಳ್ಳು ಹೇಳ್ತೀರಾ ಅವನಿಗೆ? ಇಷ್ಟು ವರ್ಷ ಇದೇ ಜಾಗದಲ್ಲಿ ನಿಂತು ಅವನ ಮಾನ ಕಳೀತಿದ್ರಿ. ಇವತ್ತೇನು ಬಂದಿದೆ ನಿಮ್ಮ ಬಾಯಿಗೆ?"

ಯಾರೂ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ. ಸಿಮೋನ್ ಅವಳ ತೋಳು ಮುಟ್ಟಲು ಬಂದಳು, ಲೊರೆಟ್ಟಾ ಸರಿದುಕೊಂಡಳು. ತನ್ನ ಲೋಟದಿಂದ ಒಂದು ಗುಟುಕು ಕುಡಿದು ಎಲ್ಲರ ಎದುರು ಹೇಳಿದಳು:

"ಗ್ಯಾಸ್ ಜಾಸ್ತಿಯಾಗಿದೆ, ಮೂಗಿಗೆ ಹೊಡೆಯುತ್ತೆ. ಅದು ನನ್ನ ತಪ್ಪು. ಹೆದರಿ ಒಂದು ಚಮಚ ಹೆಚ್ಚು ಹಾಕ್ದೆ. ಮೊದಲನೇ ಸಲ ಗ್ಯಾಸೇ ಹಿಡೀಲಿಲ್ಲ, ಅದೂ ನನ್ನದೇ, ಹೆಂಕಿಗೆ ಗೊತ್ತು. ಆಮೇಲೆ ಹುಲ್ಲಿನ ವಾಸನೆ. ಹೂವಿನ ಚೀಲ ತೆಗೆಯೋಕೆ ಬಿಡದೆ ಹಟ ಹಿಡಿದೋಳು ನಾನು. ನನ್ನದೆಲ್ಲ ನಾನೇ ಹೇಳ್ದೆ." ಅವಳ ದನಿ ಇಳಿಯಿತು. "ಅವನದು ಹೇಳಿ. ಅವನದು ಒಂದಾದ್ರೂ ಹೇಳಿ."

ಹೆಂಕ್ ಲೋಟವನ್ನು ಮೇಜಿನ ಮೇಲಿಟ್ಟ. ಹೊರಗೆ ಯಾರದೋ ಮಗು ಅತ್ತು ಸುಮ್ಮನಾಯಿತು.

"ದೊನ್ಯಾ ಲೊರೆಟ್ಟಾ," ಎಂದ ಎಲಾದಿಯೋ, ತನ್ನ ಸ್ಪ್ಯಾನಿಷಿನ ಮರ್ಯಾದೆಯ ಮಾತಿನಲ್ಲಿ. ಲೋಟವನ್ನು ಮೂಗಿನ ಹತ್ತಿರ ಹಿಡಿದು ಇನ್ನೊಮ್ಮೆ ಮೂಸಿದ. "ಹುಲ್ಲು ನಿಮ್ಮದಲ್ಲ."

"ಸಮಾಧಾನಕ್ಕೆ ಹೇಳಬೇಡಪ್ಪ."

"ಸಮಾಧಾನಕ್ಕಲ್ಲ. ಚೀಲ ಹೆಚ್ಚು ದಿನ ಇದ್ರೆ ಬರೋ ಹುಲ್ಲು ಬೇರೆ, ಅದು ಕೊನೇಲಿ ನಾಲಿಗೆಗೆ ಸಿಗುತ್ತೆ. ಅದೂ ಇದೆ, ಇಲ್ಲ ಅನ್ನಲ್ಲ. ಆದ್ರೆ ಇದು ಮೂಗಿಗೇ ಮೊದಲು ಬರ್ತಿದೆ, ನೋಡಿ. ಇದು ಬಲಿಯದ ಹೂವಿನದು." ಅವನು ಕೋಟಿನ ಗುಂಡಿ ಬಿಚ್ಚಿಕೊಂಡ. "ಅವರು ಹೂ ಕೊಯ್ಯೋ ದಿನ ನಾನು ನಿಮ್ಮ ಬೇಲಿ ಹತ್ರಾನೇ ಇದ್ದೆ. ಅಂಗೈಲಿ ಉಜ್ಜಿ ತೋರಿಸ್ದೆ. ಇನ್ನೂ ಹಸಿ ಇದೆ ದೊನ್ ಕ್ಲೋವಿಸ್, ಇನ್ನೊಂದು ವಾರ ಬಳ್ಳೀಲೇ ಬಿಡಿ, ಆಮೇಲೆ ನಾನೇ ಗೂಡಲ್ಲಿ ಒಣಗಿಸಿಕೊಡ್ತೀನಿ ಅಂದೆ. ಒಂದು ವಾರ ಯಾರು ಕಾಯ್ತಾರೋ ಅಂತ ನನ್ನೇ ಬೈದು ಕಿತ್ತುಬಿಟ್ರು."

ಎಲ್ಲರೂ ಲೋಟ ಮೂಗಿಗೆ ಹಿಡಿದು ಇನ್ನೊಮ್ಮೆ ಮೂಸಿದರು. ಆಮೇಲೆ ಹೆಂಕ್, "ಕಾಯೋದು ಅವನಿಗೆ ಹುಟ್ಟಿದಾಗಿಂದ ಗೊತ್ತಿಲ್ಲ," ಎಂದ. ಹೇಳುವಾಗ ಅವನ ದನಿ ಒಡೆಯಿತು, ಆದರೆ ನಿಲ್ಲಿಸಲಿಲ್ಲ. "ಕಹಿ ನೋಡಿ, ಗಂಟಲಲ್ಲೇ ಕೂತ್ಕೊಳ್ಳುತ್ತೆ. ಇದನ್ನೂ ಅರ್ಧ ಕುದಿಗೇ ಇಳಿಸಿದ್ದಾನೆ."

"ಬಣ್ಣಾನೂ ಒಂಚೂರು ಮಂಕು," ಎಂದಿತು ಹಿಂದಿನಿಂದ ಒಂದು ದನಿ.

"ಮಂಕು ಏನು ಬಂತು, ಕಾಲುವೆ ನೀರಿನ ಹಾಗಿದೆ."

"ಬಾರ್ಲಿ ಮಾಲ್ಟಿಗೆ ಕಾಸು ಬಿಚ್ಚಿಲ್ಲ ಮುದುಕ. ತೆಳ್ಳಗೆ ಮಾಡಿಟ್ಟಿದ್ದಾನೆ."

"ತಾನು ಮಾತ್ರ ನಮ್ಮ ಬಿಯರಿಗೆ ಮೂಗು ಮುರೀತಿದ್ದ!"

ಮಾತು ಏರಿತು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಬಾಯಿ ಹಾಕಿದರು. ಹಳೆಯ ಪೀಪಾಯಿಗಳ ತಪ್ಪುಗಳೂ ಹೊರಗೆ ಬಂದವು. ಒಂದು ಸಲ ಹುಳಿಯಾಗಿದ್ದು, ಒಂದು ಸಲ ನೊರೆ ಉಕ್ಕಿ ಹೆಂಕನ ಗಾಡಿಯ ಸೀಟೆಲ್ಲ ತೊಯ್ದಿದ್ದು. ಸಿಮೋನ್ ಕೂಡ ತನ್ನ ಲೋಟ ಎತ್ತಿ, ತನಗೇನೂ ತಿಳಿಯದಿದ್ದರೂ ಇದು ಕಹಿ ಎಂದಳು. ಎಲ್ಲರೂ ನಕ್ಕರು, ಕೆಲವರು ಕಣ್ಣೊರೆಸಿಕೊಂಡರು.

ಲೊರೆಟ್ಟಾ ಪೀಪಾಯಿಯ ಪಕ್ಕ, ಅವನು ನಿಲ್ಲುತ್ತಿದ್ದಲ್ಲಿ ನಿಂತಿದ್ದಳು. ಯಾರಿಗೂ ಉತ್ತರ ಕೊಡಲಿಲ್ಲ. ಎಲ್ಲರದೂ ಮುಗಿಯುವವರೆಗೆ ಕೇಳಿಸಿಕೊಂಡಳು. ಎರಡನೇ ಸುತ್ತಿಗೆ ಎಲಾದಿಯೋ ಮೊದಲು ಲೋಟ ಚಾಚಿದ. ಅವಳು ಅದನ್ನು ಓರೆ ಮಾಡಿ ಹಿಡಿದು ನಲ್ಲಿ ಒತ್ತಿದಳು. ಹೆಚ್ಚಾದ ಗ್ಯಾಸಿಗೆ ನೊರೆ ಅಂಚು ಮೀರಿ ಉಕ್ಕಿ ಬೆರಳ ಮೇಲಿಂದ ಮಣಿಕಟ್ಟಿನವರೆಗೆ ಇಳಿಯಿತು. ಒರೆಸಿಕೊಳ್ಳದೆ, ಅದು ತಾನಾಗಿ ಕೂರುವವರೆಗೂ ಲೋಟ ಹಿಡಿದು ನಿಂತಳು.